ಮೂರನೇ ಕಾಲಿನ ಬೆಸುಗೆ

ಬೆಳಗ್ಗೆ ಠಾಣೆಯ ಬಾಗಿಲು ತೆರೆದದ್ದೇ ತಡ, ದೂರು ಕೊಡಲು ಬಂದವಳು ಒಬ್ಬ ಎಂಜಿನಿಯರ್. ಕಡಲ ನಡುವೆ ಉಕ್ಕಿನ ಕಾಲುಗಳ ಮೇಲೆ ನಿಂತ ಎಣ್ಣೆ ಪ್ಲಾಟ್‌ಫಾರಂ ಗಟ್ಟಿಯಾಗಿದೆಯೋ ಇಲ್ಲವೋ ಎಂದು ದಡದಲ್ಲಿ ಕೂತು ಸೆನ್ಸರ್ ನೋಡುವುದು ಅವಳ ಕೆಲಸ.

“ಪ್ಲಾಟ್‌ಫಾರಂ ಮೊದಲಿಗಿಂತ ಜಾಸ್ತಿ ಓಲಾಡ್ತಿದೆ ಸರ್. ಮೂರನೇ ಕಾಲಿನ ಮೇಲೇ ಅನುಮಾನ. ಆದ್ರೆ ಡೈವರ್ ತಂದ ಫೋಟೋದಲ್ಲಿ ಬೆಸುಗೆ ಚೆನ್ನಾಗೇ ಇದೆ. ಅದನ್ನ ನಂಬ್ಕೊಂಡು ಕಂಪನಿಯವರು ಅಲ್ಲಿರೋ ಜನರನ್ನ ದಡಕ್ಕೆ ಇಳಿಸ್ತಿಲ್ಲ.”

ದೂರು ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿ ತಲೆಯೆತ್ತಿದ. ಅವನ ಒಡಹುಟ್ಟಿದ ತಮ್ಮ ಅಲ್ಲೇ ಅಡುಗೆಯವನು.

ಇನ್‌ಸ್ಪೆಕ್ಟರ್ ಫೋಟೋ ಹಿಡಿದರು. ಅವರದು ಉಡದ ಪಟ್ಟು.

“ಈ ಬೆಸುಗೆ ಎಷ್ಟು ಆಳದಲ್ಲಿದೆ?”

“ತುಂಬಾ ಕೆಳಗೆ. ನಡುಮಧ್ಯಾಹ್ನವೂ ಅಲ್ಲಿ ಕಗ್ಗತ್ತಲೆ.”

“ಮತ್ತೆ ಇಲ್ಲಿ ಬಿಸಿಲು ಎಲ್ಲಿಂದ ಬಂತಮ್ಮಾ?”

ಉಕ್ಕಿನ ಮೇಲೆ ಅಲೆಯ ಬಿಸಿಲು ಬಲೆಬಲೆಯಾಗಿ ಬಿದ್ದಿತ್ತು. ಪಕ್ಕದಲ್ಲಿ ಹಿಡಿದ ಹಲಗೆ ಮಾತ್ರ ‘ಕಾಲು ಮೂರು, ಕೆಳಬೆಸುಗೆ’ ಎನ್ನುತ್ತಿತ್ತು. ಅವಳು ಹಣೆ ಚಚ್ಚಿಕೊಂಡಳು. “ಅಯ್ಯೋ! ಬಿರುಕು ಹುಡುಕೋ ಭರದಲ್ಲಿ ಬೆಳಕು ನೋಡ್ಲೇ ಇಲ್ಲ!”

ಎಫ್‌ಐಆರ್ ದಾಖಲಾಯಿತು. ಬೇರೊಬ್ಬ ಡೈವರನ್ನೂ ಪಂಚರನ್ನೂ ಕರೆದುಕೊಂಡು ದೋಣಿ ಹೊರಟಿತು. ನೀರೊಳಗಿನ ಕ್ಯಾಮೆರಾ ತೋರಿಸಿದ್ದನ್ನು ಎಲ್ಲರೂ ದೋಣಿಯ ಪರದೆಯಲ್ಲಿ ಕಂಡರು: ಬೆಸುಗೆ ಇರಬೇಕಾದಲ್ಲಿ ಅಂಗೈ ದಪ್ಪಕ್ಕೆ ಅಂಟಿ ಬೆಳೆದ ಕಡಲ ಚಿಪ್ಪು. ವರ್ಷಗಳಿಂದ ಅದನ್ನು ಯಾರೂ ಕೆರೆದಿರಲಿಲ್ಲ. ಕೆರೆದಾಗ ಬೆರಳು ತೂರುವಂಥ ಬಿರುಕು ಬಾಯಿಬಿಟ್ಟಿತು.

ಪಂಚನಾಮೆಗೆ ಸಹಿ ಬಿತ್ತು. ಕಂಪನಿಯ ಮ್ಯಾನೇಜರ್ “ಜನರನ್ನ ಇಳಿಸೋದು ಸಂಜೆ ನೋಡೋಣ” ಎಂದ.

“ಸಂಜೆಗಿಂಜೆ ಬೇಡ. ಈಗಲೇ ಇಳಿಸಿ,” ಎಂದರು ಇನ್‌ಸ್ಪೆಕ್ಟರ್.

ಆ ಫೋಟೋ ತಂದಿದ್ದ ಡೈವರ್ ತನ್ನ ಮನೆಯಲ್ಲೇ ಸಿಕ್ಕ.

“ಫೋಟೋ ಎಲ್ಲಿ ತೆಗೆದದ್ದು?”

“ಮೇಲಿನ ಬೆಸುಗೇಲಿ.”

“ಕೆಳಗೆ ಯಾಕೆ ಹೋಗ್ಲಿಲ್ಲ?”

ಅವನು ತಲೆ ತಗ್ಗಿಸಿದ. “ಆ ಕಾಲಿನ ಬುಡದಲ್ಲೇ ನನ್ನ ತಮ್ಮ ಉಸಿರುಗಟ್ಟಿ ಸತ್ತ ಸಾರ್. ಅಲ್ಲಿಗಿಳಿದ್ರೆ ಕೈಕಾಲೇ ಆಡಲ್ಲ. ನೀರಿಗೆ ಹೆದರೋ ಡೈವರ್ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಮೇಲಿದ್ದವರು ಯಾರಿಗೂ ತಮ್ಮಂದಿರಲ್ವೇನೋ?” ಹೆಡ್ ಕಾನ್‌ಸ್ಟೇಬಲ್ ಗುಡುಗಿದ. ಸಿಟ್ಟಿನಲ್ಲೇ ಬೇಡಿ ಹಾಕಿ ಜೀಪಿಗೆ ಹತ್ತಿಸಿದ.

ಜೀಪಿನಲ್ಲಿ ಡೈವರ್ ಒಂದೇ ಮಾತು ಕೇಳಿದ. “ಎಲ್ಲರೂ ಇಳಿದ್ರಾ?”

“ಇಳಿದ್ರು. ಕಡೇ ದೋಣೀಲಿ ನನ್ನ ತಮ್ಮನೂ ಬಂದ.”

ಡೈವರ್ ಬೇಡಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ದಾರಿಯುದ್ದಕ್ಕೂ ಬೈಯಬೇಕೆಂದಿದ್ದ ಹೆಡ್ ಕಾನ್‌ಸ್ಟೇಬಲ್ ಸೀಟಿನ ಕೆಳಗಿದ್ದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗಿಟ್ಟ.