ಜ್ವರಕ್ಕೆ ಕೂತ ಹುಳ

“ಸೊಪ್ಪು ಕಳ್ಳಿ ಮೊಮ್ಮಗಳು ಬಂದ್ಲು. ಬ್ಯಾಗ್ ಹುಸಾರು ಕಣ್ರಲಾ.”

ಕೆಂಪರಾಜು ಅಂದದ್ದು ಮೆಲ್ಲಗೆ. ಆದರೆ ಇಡೀ ಐದನೇ ಕ್ಲಾಸು ಕೇಳಿಸಿಕೊಂಡಿತು. ಪ್ರತಿಮಾ ಬೆಂಚು ದಾಟಿ ಹೋಗಿ ಜಾಮಿಟ್ರಿ ಬಾಕ್ಸಿನಿಂದ ಅವನ ಭುಜಕ್ಕೆ ಬಾರಿಸಿದಳು. ಬಾಕ್ಸು ಬಾಯಿಬಿಟ್ಟು ಸ್ಕೇಲು, ಕೈವಾರ ಎಲ್ಲ ನೆಲಕ್ಕೆ ಚೆಲ್ಲಿದವು.

ಮೇಷ್ಟ್ರು ಇಬ್ಬರನ್ನೂ ಹೊರಗೆ ನಿಲ್ಲಿಸಿದರು. ಅದಕ್ಕೆ ಅವಳಿಗೇನೂ ಬೇಜಾರಿರಲಿಲ್ಲ. ಕೆಂಪರಾಜು ಹೇಳಿದ್ದು ಸುಳ್ಳಲ್ಲವಲ್ಲ, ಅದು ಉರಿಯುತ್ತಿತ್ತು.

ಅವಳ ಅಜ್ಜಿ ಮುನಿಯಮ್ಮ ಎಲ್ಲರಿಗಿಂತ ಮೊದಲು ಎದ್ದು, ಕೆಂಪರಾಜುವಿನ ಅಪ್ಪ ಕರಿಯಪ್ಪನ ತೋಟಕ್ಕೆ ನುಗ್ಗಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ತರುತ್ತಿದ್ದಳು. ಕರಿಯಪ್ಪನ ಮನೆಯಲ್ಲಿ ರೇಷ್ಮೆ ಹುಳ ಇದ್ದವು. ಸೊಪ್ಪು ಸಾಲದೆ ಹೋದರೆ ಗೂಡು ತೆಳ್ಳಗಾಗುತ್ತದೆ. ಪ್ರತಿಮಾಳ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ಅವರ ಹಿಪ್ಪುನೇರಳೆ ತೋಟ ಎರಡು ವರ್ಷದ ಹಿಂದೆ, ಹಾರೋಹಳ್ಳಿ ಕಡೆಯ ಎಷ್ಟೋ ಹೊಲಗಳ ಜೊತೆ, ಕೈಗಾರಿಕೆಗೆ ಹೋಗಿತ್ತು. ಈಗ ಅಲ್ಲಿ ತಗಡಿನ ಶೆಡ್ಡು, ಎತ್ತರದ ಕಾಂಪೌಂಡು. ಅವಳ ಅಪ್ಪ ಅನಂತರಾಜು ಅಂಥದೇ ಒಂದು ಫ್ಯಾಕ್ಟರಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದ.

ಹುಳವೇ ಇಲ್ಲದ ಮನೆಗೆ ಅಜ್ಜಿ ಸೊಪ್ಪು ತರುತ್ತಿದ್ದಳು.

ಅವತ್ತು ಸಂಜೆ ಪ್ರತಿಮಾ ನೆಟ್ಟಗೆ ಮನೆಯ ಹಳೆಯ ಹುಳದ ಕೋಣೆಗೆ ನುಗ್ಗಿದಳು. ಅಜ್ಜಿ ಬಿದಿರಿನ ಖಾಲಿ ತಟ್ಟೆಯ ಮೇಲೆ ಸೊಪ್ಪನ್ನು ಒಂದೇ ಸಮ ಹರಡುತ್ತಿದ್ದಳು. ಉಳಿದದ್ದನ್ನು ಬಾಡದ ಹಾಗೆ ಒದ್ದೆ ಗೋಣಿ ಚೀಲದಲ್ಲಿ ಮುಚ್ಚಿಟ್ಟಿದ್ದಳು.

“ಎಲ್ಲೈತೆ ಹುಳ? ತೋರ್ಸು, ಎಲ್ಲೈತೆ?” ಪ್ರತಿಮಾ ತಟ್ಟೆ ಎಳೆದು ಬೀಳಿಸಿದಳು.

ಅಜ್ಜಿ ಬಿದ್ದ ತಟ್ಟೆಯನ್ನು ನೋಡಲಿಲ್ಲ. ಪ್ರತಿಮಾಳ ಕಾಲನ್ನು ನೋಡಿದಳು. “ಚಪ್ಲಿ ಮೆಟ್ಕಂಡು ಹುಳದ ಮನೆ ಒಳಕ್ಕೆ ಬಂದಿದ್ದೀಯಲ್ಲ, ಯಾರ್ ಮಗ್ಳವ್ವ ನೀನು?”

ಪ್ರತಿಮಾ ಹೊರಗೆ ಬಂದು ಬಾಗಿಲನ್ನು ಧಡ್ ಎಂದು ಹಾಕಿದಳು. ರಾತ್ರಿ ಊಟಕ್ಕೂ ಅಜ್ಜಿಯ ಪಕ್ಕ ಕೂರಲಿಲ್ಲ.

ಅಜ್ಜಿಗಿರುವುದು ಡಿಮೆನ್ಷಿಯಾ, ಮರೆವಿನ ಕಾಯಿಲೆ ಎಂದು ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು. ಕರಿಯಪ್ಪನಿಗೆ ಅಪ್ಪ ಅದನ್ನು ಹೇಳಿಯೂ ಇದ್ದ. ಕರಿಯಪ್ಪ ನಂಬಿರಲಿಲ್ಲ. ಎಲ್ಲ ಮರೆಯುವವಳಿಗೆ ನನ್ನ ತೋಟ ಮಾತ್ರ ಹೇಗೆ ನೆನಪಿರುತ್ತದೆ ಎಂದು ಕೇಳಿದ್ದ.

ಈಗ ಅದೇ ಆಸ್ಪತ್ರೆಯಲ್ಲಿ ಈ ಕಾಯಿಲೆಯ ಮೇಲೆ ಒಂದು ಅಧ್ಯಯನ ನಡೆಯುತ್ತಿತ್ತು. ಅಜ್ಜಿಯನ್ನೂ ಸೇರಿಸಲು ಅಪ್ಪ ಒಪ್ಪಿದ್ದ. ಮೆಷಿನ್ನಿನಲ್ಲಿ ಮಲಗಿಸಿ ತಲೆಯೊಳಗಿನ ಚಿತ್ರ ತೆಗೆಯುತ್ತಾರೆ ಎಂದ.

“ಫೋಟೋ ನಮ್ ಕೈಗೆ ಕೊಡ್ತಾರಾ?” ಪ್ರತಿಮಾ ಕೇಳಿದಳು.

“ಕೊಡ್ಬೌದು.”

ಅವಳೂ ಬರುತ್ತೇನೆಂದು ಹಟ ಹಿಡಿದಳು. ಆ ಫೋಟೋ ತಂದು ಕೆಂಪರಾಜುವಿನ ಮೂಗಿಗೆ ಹಿಡಿಯಬೇಕು. ನೋಡ್ಲಾ, ಕಾಯಿಲೆ ಇದು, ಕಳ್ಳತನ ಅಲ್ಲ. ಬಸ್ಸಿನ ಉದ್ದಕ್ಕೂ ಈ ಮಾತನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರ್ ನೂರ್ಜಹಾನ್ ಅಜ್ಜಿಯ ಮೂಗುಬೊಟ್ಟು, ಓಲೆ, ಸೀರೆಯ ಪಿನ್ನು ಎಲ್ಲ ತೆಗೆಸಿದರು. ಆ ಮೆಷಿನ್ನು ದೊಡ್ಡ ಅಯಸ್ಕಾಂತ, ಹತ್ತಿರ ಲೋಹ ಇರಬಾರದು. ಅಪ್ಪ ಮತ್ತು ಪ್ರತಿಮಾ ಗಾಜಿನ ಈಚೆ ಕಂಪ್ಯೂಟರುಗಳಿದ್ದ ಕೋಣೆಯಲ್ಲಿ ನಿಂತರು. ಆಚೆ, ಬಿಳಿ ಸುರಂಗದಂಥ ಮೆಷಿನ್ನಿನೊಳಗೆ ಅಜ್ಜಿ ಮಲಗಿದ್ದಳು. ಕೈಯಲ್ಲಿ ಒಂದು ರಬ್ಬರ್ ಬುಗ್ಗೆ. ಭಯವಾದರೆ ಒತ್ತಲಿ ಎಂದು ಕೊಟ್ಟದ್ದು.

“ಮುನಿಯಮ್ಮನವರೇ, ಹತ್ತು ನಿಮಿಷ ಸುಮ್ಮನೆ ಮಲಗಿರಿ. ಏನೂ ಮಾಡಬೇಡಿ, ತಲೆ ಅಲ್ಲಾಡಿಸಬೇಡಿ,” ಎಂದು ಡಾಕ್ಟರು ಮೈಕಿನಲ್ಲಿ ಹೇಳಿದರು.

ಮೆಷಿನ್ನು ಟಕಟಕ ಎಂದಿತು. ಅಜ್ಜಿ ಬುಗ್ಗೆ ಒತ್ತಿದಳು. ಈಚೆ ಪೀಂ ಎಂದು ಸದ್ದಾಯಿತು. ನಿಲ್ಲಿಸಿ, ಸಮಾಧಾನ ಮಾಡಿ, ಮತ್ತೆ ಶುರು ಮಾಡಿದರು. ಅಜ್ಜಿ ಎದ್ದು ಕೂರಲು ಹೋದಳು. ಅವಳ ಮಾತು ಸ್ಪೀಕರಿನಲ್ಲಿ ಕೇಳಿಸಿತು. ಹೊತ್ತಾಯಿತು, ಸೊಪ್ಪು ಹಾಕಬೇಕು, ಹುಳ ಹಸಿದಿವೆ.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ತಲೆ ಒಂದಿಷ್ಟು ಅಲುಗಿದರೂ ಚಿತ್ರ ಕೆಡುತ್ತದೆ, ಇನ್ನು ಒತ್ತಾಯ ಮಾಡುವುದು ಸರಿಯಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಅಪ್ಪ ತಲೆ ಆಡಿಸಿದ.

ಪ್ರತಿಮಾಳಿಗೆ ರೇಗಿಹೋಯಿತು. ಇಲ್ಲಿಯೂ ಸೊಪ್ಪು, ಇಲ್ಲಿಯೂ ಹುಳ. ಅವಳು ಯಾರನ್ನೂ ಕೇಳದೆ ಮೈಕಿನ ಗುಂಡಿ ಒತ್ತಿದಳು.

“ಅಜ್ಜಿ, ಹುಳ ಜ್ವರಕ್ಕೆ ಕುಂತವೆ. ಅಲ್ಲಾಡ್ಬ್ಯಾಡ.”

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮುಂಚೆ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಕಡ್ಡಿಯ ಹಾಗೆ ಕೂರುತ್ತದೆ. ಜ್ವರಕ್ಕೆ ಕೂರುವುದು ಎಂದರೆ ಅದೇ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ಪ್ರತಿಮಾ ಚಿಕ್ಕವಳಿದ್ದಾಗ ಅಜ್ಜಿ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ತಾನೂ ಉಸಿರು ಬಿಗಿಹಿಡಿದು ಅದನ್ನು ತೋರಿಸಿದ್ದಳು.

ಸ್ಪೀಕರಿನಲ್ಲಿ ಅಜ್ಜಿಯ ದನಿ ಪಿಸುಗುಟ್ಟಿತು. “ಎಷ್ಟನೇ ಜ್ವರ?”

“ನಾಕ್ನೇದು.”

ಅಜ್ಜಿ ಮಲಗಿದಳು. ಡಾಕ್ಟರು ಪ್ರತಿಮಾಳನ್ನು ಒಮ್ಮೆ ನೋಡಿ ಗುಂಡಿ ಒತ್ತಿದರು. ಮೆಷಿನ್ನು ಎಷ್ಟು ಕುಟ್ಟಿದರೂ ಈ ಸಲ ಅಜ್ಜಿಯ ಕಾಲ್ಬೆರಳು ಕೂಡ ಅಲುಗಲಿಲ್ಲ.

ಮುಗಿದ ಮೇಲೆ ಪ್ರತಿಮಾ ಫೋಟೋ ಕೇಳಿದಳು. ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಎರಡರಲ್ಲೂ ಮೆದುಳು, ಅದರ ಮೇಲೆ ಚುಕ್ಕಿಗಳು. ಒಂದರಲ್ಲಿ ಚುಕ್ಕಿಗಳ ನಡುವೆ ಗೆರೆಗಳು ದಟ್ಟವಾಗಿದ್ದವು, ಇನ್ನೊಂದರಲ್ಲಿ ಕಡಿಮೆ.

“ಇವು ನಿಮ್ಮ ಅಜ್ಜಿಯದಲ್ಲ. ತುಂಬ ಜನರ ಸ್ಕ್ಯಾನ್ ಸೇರಿಸಿ ಮಾಡಿದ್ದು. ಒಂದು ಕಾಯಿಲೆ ಇಲ್ಲದೋರದು, ಇನ್ನೊಂದು ಇರೋರದು,” ಎಂದರು. “ನಾವು ಸುಮ್ಮನೆ ಮಲಗಿದ್ದಾಗಲೂ ಮೆದುಳಿನ ಜಾಗಗಳು ಒಂದರ ಜೊತೆ ಒಂದು ಕೆಲಸ ಮಾಡ್ತಾ ಇರುತ್ತವೆ. ಈ ಕಾಯಿಲೆಯಲ್ಲಿ ಆ ಸಂಪರ್ಕ ಕೆಡುತ್ತೆ. ಹೆಂಗೆ ಹೇಳ್ಲಿ? ಊರುಗಳು ಇರುತ್ತವೆ, ನಡುವಿನ ಬಸ್ಸು ಕಡಿಮೆಯಾಗುತ್ತೆ.”

“ನಮ್ ಅಜ್ಜೀದು?”

ಅದನ್ನು ಲೆಕ್ಕ ಹಾಕಲು ತಿಂಗಳುಗಳು ಬೇಕು ಎಂದರು. ಆಮೇಲೂ, ಒಬ್ಬರ ಒಂದು ಚಿತ್ರ ತೋರಿಸಿ ಇದೇ ಕಾರಣಕ್ಕೆ ಅವರು ಹೀಗೆ ಮಾಡಿದರು ಎಂದು ಹೇಳಲು ಬರುವುದಿಲ್ಲ. ಇದರಿಂದ ಅಜ್ಜಿಗೆ ಗುಣವೂ ಆಗುವುದಿಲ್ಲ.

“ಮತ್ಯಾಕೆ ತೆಗೆದ್ರಿ?”

“ಪ್ರತಿಮಾ,” ಎಂದು ಅಪ್ಪ ಗದರಿದ.

“ಕೇಳ್ಲಿ ಬಿಡಿ,” ಎಂದರು ಡಾಕ್ಟರು. “ಮುಂದೆ ಬರೋರಿಗೆ ಉಪಯೋಗ ಆಗಬಹುದು ಅಂತ. ನಿಮ್ಮಜ್ಜಿಗೆ ಅಲ್ಲ. ನಾನು ಸುಳ್ಳು ಹೇಳಲ್ಲ.”

ಪ್ರತಿಮಾ ಬರಿಗೈಯಲ್ಲಿ ಬಸ್ಸು ಹತ್ತಿದಳು. ಡಾಕ್ಟರ ಮೇಲೆ, ಅಪ್ಪನ ಮೇಲೆ, ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಅಜ್ಜಿಯ ಮೇಲೆ, ಎಲ್ಲರ ಮೇಲೂ ಸಿಟ್ಟು. ಕಾಂಪೌಂಡುಗಳು ಶುರುವಾದವು. ಬಸ್ಸು ಅವರ ತೋಟವಿದ್ದ ಜಾಗ ದಾಟಿತು. ಅಜ್ಜಿಗೆ ಹುಳ ಗೊತ್ತು, ಸೊಪ್ಪು ಗೊತ್ತು, ಜ್ವರವೂ ಗೊತ್ತು. ತೋಟ ಹೋಯಿತು ಅನ್ನುವ ಊರಿಗೆ ಮಾತ್ರ ಅವಳಿಗೆ ಬಸ್ಸಿಲ್ಲ.

ಮರುದಿನ ಬೆಳಗ್ಗೆ ಬೀದಿಯಲ್ಲಿ ಕರಿಯಪ್ಪನ ಬೈಗುಳ ಕೇಳಿಸಿ ಪ್ರತಿಮಾ ಎದ್ದು ಓಡಿಬಂದಳು. ಹಿಂದಿನ ದಿನ ಅಜ್ಜಿ ಬಸ್ಸಿಗೆ ಮುಂಚೆಯೇ ಕೊಯ್ದಿದ್ದನ್ನು ಅವನು ಈಗ ನೋಡಿದ್ದ. ಅಪ್ಪ ಶಿಫ್ಟಿಗೆ ಹೋಗಿಯಾಗಿತ್ತು. ಕರಿಯಪ್ಪ ಒಂದೇ ಏಟಿಗೆ ಜಗಲಿ ಹತ್ತಿದ, ಹಿಂದೆ ಕೆಂಪರಾಜು.

ಅಜ್ಜಿ ಹುಳದ ಕೋಣೆಯ ಬಾಗಿಲಲ್ಲಿ ಕೂತಿದ್ದಳು. ಸೊಪ್ಪಿಗೆ ಹೋಗಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

“ಮೆತ್ತಗ್ ಮಾತಾಡಪ್ಪ ಕರಿಯ. ಹುಳ ಜ್ವರಕ್ಕೆ ಕುಂತವೆ.”

ಕರಿಯಪ್ಪ ಬಾಯಿ ತೆರೆದವನು ಒಳಗೆ ನೋಡಿದ. ಒಂದರ ಮೇಲೊಂದು ಜೋಡಿಸಿದ ತಟ್ಟೆಗಳು. ಎಲ್ಲದರಲ್ಲೂ ಸೊಪ್ಪು, ಕೆಳಗಿನವುಗಳಲ್ಲಿ ಒಣಗಿದ್ದು, ಮೇಲಿನದರಲ್ಲಿ ನಿನ್ನೆಯದು. ಒಂದು ಎಲೆಗೂ ಹುಳ ಕಡಿದ ಗುರುತಿರಲಿಲ್ಲ. ಕರಿಯಪ್ಪ ಒಂದೊಂದಾಗಿ ಚಪ್ಪಲಿ ಕಳಚಿದ.

“ಯಾಕಪ್ಪ?” ಎಂದ ಕೆಂಪರಾಜು.

“ನೀನೂ ಬಿಡ್ಲಾ,” ಎಂದ ಕರಿಯಪ್ಪ, ಮೆಲ್ಲಗೆ.

ಪ್ರತಿಮಾ ಕೆಂಪರಾಜುವನ್ನು ದುರುಗುಟ್ಟಿ ನೋಡಿದಳು. ಅವನು ತಲೆ ತಗ್ಗಿಸಿದ. ಬಸ್ಸಿನಲ್ಲಿ ಹೇಳಿಕೊಂಡಿದ್ದ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳಿಗೆ ಬೇರೆ ಏನೋ ಹೊಳೆಯಿತು. ಜ್ವರ ಹೆಚ್ಚು ದಿನ ಇರುವುದಿಲ್ಲ. ನಾಲ್ಕನೇ ಜ್ವರ ಬಿಟ್ಟೆದ್ದ ಹುಳಕ್ಕೆ ಎಷ್ಟು ಹಾಕಿದರೂ ಸಾಲದು, ಅಜ್ಜಿ ಮತ್ತೆ ಸೊಪ್ಪಿಗೆ ಹೊರಡುತ್ತಾಳೆ.

“ಮಾಮ,” ಎಂದಳು. ದನಿಯಲ್ಲಿ ಇನ್ನೂ ಸಿಟ್ಟಿತ್ತು. “ನಾಳೀಕೆ ಒಸಿ ಸೊಪ್ಪು ಬೇಕಾಯ್ತದೆ. ನಾನೇ ಬಂದು ಕೇಳಿ ಈಸ್ಕೊಂಡ್ ಹೋಯ್ತೀನಿ.”