ಕ್ರಿಯಾಪದ ಬರುವವರೆಗೆ

ಬಂದರಿನ ಬಸ್ಸು ತಪ್ಪಿಸಿಕೊಂಡವರೆಲ್ಲ ಗಾಜಿನ ಕೋಣೆಯ ಮುಂದೆ ಬಂದು ಬಾಯಿಗೆ ಬಂದಂತೆ ಬೈಯತೊಡಗಿದಾಗ ಮೈಕ್ ಮೇಡಂಗೆ ಸಿಟ್ಟು ನೆತ್ತಿಗೇರಿತು.

ಬಸ್ ನಿಲ್ದಾಣದಲ್ಲಿ ಪ್ರಕಟಣೆ ಓದುವುದಷ್ಟೇ ಅವಳ ಕೆಲಸ. ಬರೆದುಕೊಡುವವನು ಪಕ್ಕದ ಕೋಣೆಯಲ್ಲಿದ್ದ ಹೊಸ ಕಂಟ್ರೋಲರ್. ಎರಡು ಕೋಣೆಗಳ ನಡುವೆ ಒಂದು ಗಾಜು, ಗಾಜಿನ ಕೆಳಗೆ ಚೀಟಿ ತೂರುವಷ್ಟು ಸಂದು. ಆ ಬೆಳಿಗ್ಗೆ ಸಂದಿನಿಂದ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ ವಾಕ್ಯ. ಮೂರನೇ ಪ್ಲಾಟ್‌ಫಾರ್ಮಿನ ನೆಲ ಅಗೆದಿರುವ ಕಾರಣ, ದಿನವೂ ಅಲ್ಲಿಂದ ಹೊರಡುತ್ತಿದ್ದ ಬಂದರಿನ ಬಸ್ಸು ಇಂದು ಏಳನೇ ಪ್ಲಾಟ್‌ಫಾರ್ಮಿನಿಂದ ಹೊರಡಬೇಕೆಂದು ಮೊದಲು ತೀರ್ಮಾನವಾಗಿತ್ತಾದರೂ, ಅಲ್ಲಿಯೂ ಜಾಗವಿಲ್ಲದ್ದರಿಂದ, ಎರಡನೆಯದಕ್ಕೆ ಬರುವುದೆಂದು ಈ ಮೂಲಕ ತಿಳಿಸಲಾಗಿದೆ.

‘ಮೂರು’ ಕಿವಿಗೆ ಬಿದ್ದವರು ಮೂರಕ್ಕೆ ಓಡಿದರು. ಇನ್ನೂ ಸ್ವಲ್ಪ ತಾಳ್ಮೆ ಇದ್ದವರು ಏಳಕ್ಕೆ ಓಡಿದರು. ಎರಡರಲ್ಲಿದ್ದ ಬಸ್ಸು ನಿದ್ದೆಗಣ್ಣಿನ ಒಬ್ಬ ಮುದುಕರನ್ನು ಮಾತ್ರ ಹತ್ತಿಸಿಕೊಂಡು ಹೊರಟಿತು. ಅವರಿಗೂ ಹೋಗಬೇಕಾಗಿದ್ದದ್ದು ಬೇರೆ ಊರಿಗೆ.

ಅವಳು ಚೀಟಿ ಹಿಡಿದುಕೊಂಡು ಪಕ್ಕದ ಕೋಣೆಗೆ ನುಗ್ಗಿದಳು.

“ಸಾರ್, ಇದರಲ್ಲಿ ಕ್ರಿಯಾಪದ ಎಲ್ಲಿದೆ?”

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. “ಕೊನೇಲಿದೆ, ಮೇಡಂ.”

“ಅಲ್ಲೀವರೆಗೆ ಕಾಯೋಕೆ ಅವರೇನು ನಿಮ್ಮ ನೆಂಟರಾ?”

ಅವನು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಹಿಂದೆ ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದೆ, ಅಲ್ಲಿ ಪೂರ್ಣವಿರಾಮ ಹಾಕಿದರೆ ಎದುರು ಪಕ್ಷದವರು ಆ ಸಂದಿನಲ್ಲಿ ನುಗ್ಗುತ್ತಾರೆ ಎಂದು ಹೆದರಿಸಿಟ್ಟಿದ್ದರು ಎಂದ. ಇಷ್ಟನ್ನು ಹೇಳುವುದಕ್ಕೂ ಅವನು ಒಂದೇ ವಾಕ್ಯ ಬಳಸಿದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಡ್ರೈವರೊಬ್ಬ ಅವತ್ತೇ ಅವನಿಗೆ ‘ರೈಲು’ ಎಂದು ಹೆಸರಿಟ್ಟ. ಬಸ್ ನಿಲ್ದಾಣದ ತುಂಬ ಆ ಹೆಸರೇ ನಿಂತಿತು.

ಮರುದಿನದಿಂದ ಅವಳು ಕೆಂಪು ಪೆನ್ಸಿಲ್ ಹಿಡಿದು ಕೂತಳು. ಸಂದಿನಿಂದ ರೈಲಿನಂಥ ವಾಕ್ಯ ಬಂದರೆ ಡಬ್ಬಿ ಡಬ್ಬಿಯಾಗಿ ಬಿಚ್ಚುವುದು. ಬಂದರಿನ ಬಸ್ಸು ಎರಡರಲ್ಲಿದೆ. ಮೂರಕ್ಕೆ ಹೋಗಬೇಡಿ. ನೆಲ ಅಗೆದಿದೆ. ಕತ್ತರಿಸಿದ ಚೀಟಿಯನ್ನು ಅವನಿಗೆ ಕಾಣುವಂತೆ ಗಾಜಿಗೆ ಒತ್ತಿ ಹಿಡಿಯುವಳು. ಅವನು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಓದುವನು. ಓದಿ ಮುಗಿದ ಮೇಲೂ ಅವನ ಕಣ್ಣು ಚೀಟಿಯ ಅಂಚು ದಾಟಿ ಅವಳ ಮುಖದ ಕಡೆ ಬರುತ್ತಿತ್ತು. ಅವಳು ಚೀಟಿಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತುತ್ತಿದ್ದಳು. ಪೂರ್ತಿ ಮುಚ್ಚಿಕೊಳ್ಳುವಷ್ಟು ಎತ್ತುತ್ತಿರಲಿಲ್ಲ.

ಒಂದು ದಿನ ಅವನೇ ಬಾಯಿಬಿಟ್ಟ. ಎಲ್ಲ ವಾಕ್ಯವನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಪೊಲೀಸರು ಗದರಿಸಿದ ಹಾಗೆ ಕೇಳಿಸುತ್ತದೆ ಎಂದ. ಜನರನ್ನು ತಡೆದು ನಿಲ್ಲಿಸಲು ಒಂದು ಗಿಡ್ಡ ವಾಕ್ಯ ಬೇಕು, ನಿಜ. ನಿಂತ ಮೇಲೆ ಕಾರಣ ಹೇಳುವುದಕ್ಕೆ ಸ್ವಲ್ಪ ಉದ್ದದ್ದು ಬೇಕಲ್ಲ? ಯಾಕೆ ಅಂತ ಗೊತ್ತಾದವರು ಗೊಣಗದೆ ನಡೆಯುತ್ತಾರೆ.

ಅವಳು ಒಪ್ಪಲಿಲ್ಲ. ಒಪ್ಪುವ ಹಾಗಾದದ್ದು ಕಳೆದುಹೋಗಿದ್ದ ಪುಟ್ಟ ಹುಡುಗಿಯೊಬ್ಬಳು ಅವಳ ಕೋಣೆಗೆ ಬಂದ ದಿನ. ಒಂದು ಮಗು ಸಿಕ್ಕಿದೆ, ನೀಲಿ ಫ್ರಾಕು, ಕೂಡಲೇ ಬನ್ನಿ ಎಂದು ಅವಳು ಗೀಚಿಕೊಂಡಿದ್ದಳು. ಅವನು ಅದರ ಮೇಲೆ ಬೇರೆ ಬರೆದುಕೊಟ್ಟ. ನಿಮ್ಮ ಮಗಳು ಸಿಕ್ಕಿದ್ದಾಳೆ. ನೀಲಿ ಫ್ರಾಕು ತೊಟ್ಟ ಹುಡುಗಿ ಗಾಜಿನ ಕೋಣೆಯಲ್ಲಿ ಕಾಲಾಡಿಸುತ್ತಾ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ. ನಿಧಾನಕ್ಕೆ ಬನ್ನಿ.

ಬಿಸ್ಕತ್ತಿನ ವಿಷಯ ಯಾಕೆ ಸಾರ್, ಅದು ದಂಡ ಅಲ್ಲವಾ, ಎಂದು ಅವಳು ಕೇಳಿದಳು.

“ಆ ತಾಯಿಗೆ ಈಗ ಕೈಕಾಲು ನಡುಗ್ತಾ ಇರುತ್ತೆ, ಮೇಡಂ. ಬಿಸ್ಕತ್ತು ಅಂದ್ರೆ ಜೀವ ಬರುತ್ತೆ.”

ತಾಯಿ ಬಂದಳು, ಮಗಳನ್ನು ಎತ್ತಿಕೊಂಡಳು, ಮೊದಲು ಕೇಳಿದ್ದು ಬಿಸ್ಕತ್ತಿಗೆ ಎಷ್ಟಾಯಿತು ಎಂದು. ಮೈಕ್ ಮೇಡಂ ಗಾಜಿನ ಆಚೆ ನೋಡಿದಳು. ಅವನು ಏನೂ ಗೊತ್ತಿಲ್ಲದವನ ಹಾಗೆ ಬಸ್ಸುಗಳ ವೇಳಾಪಟ್ಟಿ ತಿರುವಿಹಾಕುತ್ತಿದ್ದ. ಹಾಳೆ ತಲೆಕೆಳಗಾಗಿತ್ತು.

ಅವಳು ಮೂವತ್ತಾರು ದಾಟಿದವಳು. ಅಣ್ಣನ ಮನೆಯಲ್ಲಿದ್ದಳು. ಬಂದ ಗಂಡುಗಳೆಲ್ಲ ಅವಳ ಬಾಯಿಗೆ ಹೆದರಿ ವಾಪಸ್ಸು ಹೋಗಿದ್ದವು. ಮನೆಯಲ್ಲಿ ಎರಡು ಮಾತಿಗೊಮ್ಮೆ ‘ನಮ್ಮ ರೈಲು ಹೀಗಂತು’ ಎನ್ನುವುದನ್ನು ಅತ್ತಿಗೆ ಗಮನಿಸಿದ್ದಳು. ಈ ರೈಲು ನಮ್ಮ ಮನೆ ಹತ್ತಿರ ನಿಲ್ಲುತ್ತೋ, ಬರೀ ಕೂಗಿಕೊಂಡು ಹೋಗುತ್ತೋ ಎಂದು ಈರುಳ್ಳಿ ಹೆಚ್ಚುತ್ತಾ ಕೇಳಿದಳು. ಮೈಕ್ ಮೇಡಂ ಈರುಳ್ಳಿಯ ನೆಪದಲ್ಲಿ ಕಣ್ಣು ಒರೆಸಿಕೊಂಡು ಎದ್ದುಹೋದಳು.

ಹೀಗಿರುವಾಗ ರಾಜಧಾನಿಯಿಂದ ಕರೆ ಬಂತು. ಅಲ್ಲಿನ ಮುಖ್ಯ ಕಚೇರಿಯಲ್ಲಿ ಸ್ಟುಡಿಯೋ ಆಗುತ್ತಿದೆ, ಎಲ್ಲ ನಿಲ್ದಾಣಗಳಿಗೂ ಪ್ರಕಟಣೆ ರೆಕಾರ್ಡ್ ಮಾಡಿ ಕಳಿಸಲು ನಿಮ್ಮ ದನಿಯೇ ಬೇಕಂತೆ, ಶುಕ್ರವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದು ಮ್ಯಾನೇಜರು ಹೇಳಿದರು. ಒಳ್ಳೆಯ ಕೆಲಸ. ಬೇಡ ಎನ್ನಲು ಅವಳಿಗಿದ್ದ ಕಾರಣ ಒಂದೇ, ಆ ಕಾರಣ ಗಾಜಿನ ಆಚೆ ಕೂತು ಟೀ ಆರಿಸಿಕೊಳ್ಳುತ್ತಿತ್ತು.

ಹೋಗಿ ಅವನೆದುರು ಕೂತು ಕೇಳಿದಳು. “ನೀವೇನಂತೀರಿ ಸಾರ್?”

ಅವನು ಲೋಟ ಕೆಳಗಿಟ್ಟ. ಅವಳನ್ನು ನೋಡಿದ, ನೆಲ ನೋಡಿದ, ಮತ್ತೆ ಅವಳನ್ನು ನೋಡಿದ.

“ಮೇಡಂ, ನಿಮ್ಮಂಥ ದನಿ ಇರೋರು, ಈ ಧೂಳು, ಈ ಹಾರ್ನು, ಆ ಮುರುಕಲು ಕುರ್ಚಿ ಎಲ್ಲಾ ಬಿಟ್ಟು, ರಾಜಧಾನಿಗೆ ಹೋಗಿ, ತಣ್ಣಗೆ ಎಸಿ ರೂಮಲ್ಲಿ ಕೂತು, ನೆಮ್ಮದಿಯಾಗಿ ಕೆಲಸ ಮಾಡಬೇಕು ಅಂತ ನನಗೆ...”

“ಗೊತ್ತಾಯ್ತು ಬಿಡಿ ಸಾರ್,” ಎಂದು ಅವಳು ಎದ್ದೇಬಿಟ್ಟಳು. “ಬಾಯಿ ತುಂಬಾ ಹೇಳಿದ್ರಿ. ಸಂತೋಷ.”

ತನ್ನ ಕೋಣೆಗೆ ಬಂದವಳೇ ಮೇಜು ಒರೆಸುವ ಬಟ್ಟೆಯನ್ನು ಗಾಜಿನ ಕೆಳಗಿನ ಸಂದಿಗೆ ತುರುಕಿದಳು. ಅಂದಿನಿಂದ ಚೀಟಿಗಳು ಬಾಗಿಲಿನ ದಾರಿಯಲ್ಲಿ ಬಂದವು. ಅವನೇ ತಂದು ಮೇಜಿನ ಮೂಲೆಯಲ್ಲಿಟ್ಟು ಹೋಗುವನು. ಎಲ್ಲ ಅಚ್ಚುಕಟ್ಟು, ಚಿಕ್ಕದು, ಎಲ್ಲಿ ಬೇಕೋ ಅಲ್ಲಿ ಪೂರ್ಣವಿರಾಮ. ತಿದ್ದಲು ಏನೂ ಇರುತ್ತಿರಲಿಲ್ಲ. ಕೆಂಪು ಪೆನ್ಸಿಲ್ ಸುಮ್ಮನೆ ಬಿದ್ದಿತ್ತು, ಅದನ್ನು ನೋಡಿದರೆ ಅವಳಿಗೆ ಮೈ ಉರಿಯುತ್ತಿತ್ತು.

ಅತ್ತಿಗೆಗೆ ಎಲ್ಲ ಹೇಳಿದಳು. ಹೋಗಬೇಕು ಅಂದುಬಿಟ್ಟರು, ಒಂದು ಮಾತಿಗಾದರೂ ಇರಿ ಅನ್ನಲಿಲ್ಲ ಎಂದಳು. ಅವರು ಪೂರ್ತಿ ಏನಂದರು ಎಂದು ಅತ್ತಿಗೆ ಕೇಳಿದರೆ, ಪೂರ್ತಿ ಕೇಳುವುದಕ್ಕೆ ನನಗೇನು ಗ್ರಹಚಾರ ಎಂದು ರೇಗಿದಳು.

ಶುಕ್ರವಾರ ಮಧ್ಯಾಹ್ನ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಗಾಜಿನ ಮುಂದೆ ಬಂದಳು. ಆಸ್ಪತ್ರೆ ಬಸ್ಸು ತಪ್ಪಿತ್ತು. ಪ್ರಕಟಣೆಯಲ್ಲಿ ಐದು ಅಂದಿರಿ, ಐದಕ್ಕೆ ಓಡಿದೆ, ಅಲ್ಲಿ ಬಸ್ಸೇ ಇಲ್ಲ ಎಂದು ಜಗಳಕ್ಕೆ ನಿಂತಳು. ಐದರಲ್ಲಿ ನಿಲ್ಲುವುದಿಲ್ಲ ಎಂದು ಮೈಕ್ ಮೇಡಂ ಎರಡು ಸಲ ಓದಿದ್ದಳು.

“ಪೂರ್ತಿ ಕೇಳಿಸ್ಕೊಂಡು ಆಮೇಲೆ ಓಡಬೇಕಲ್ಲಮ್ಮಾ,” ಎಂದಳು.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಆ ಹೆಂಗಸಿಗೆ ಮುಂದಿನ ಬಸ್ಸಿನ ಜಾಗವನ್ನು ಎರಡು ಸಲ ಮೆತ್ತಗೆ ಹೇಳಿ ಕಳಿಸಿ, ಮೈಕಿನ ಸ್ವಿಚ್ ಆರಿಸಿ, ಸೀದಾ ಪಕ್ಕದ ಕೋಣೆಗೆ ಹೋದಳು.

“ಸಾರ್, ಅವತ್ತಿನ ವಾಕ್ಯ ಮುಗಿಸಿ.”

“ಯಾವುದು?”

“ಎಸಿ ರೂಮಲ್ಲಿ ಕೂತು ಕೆಲಸ ಮಾಡಬೇಕು ಅಂತ ನಿಮಗೆ? ಆಮೇಲೆ?”

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. “ಅಂತ ನನಗೆ ಅನ್ನಿಸೋದೇ ಇಲ್ಲ, ಮೇಡಂ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಇಷ್ಟು ದಿನ ಬಾಯಲ್ಲಿ ಏನಿಟ್ಟುಕೊಂಡಿದ್ದಿರಿ ಎಂದು ಕೇಳಿದಳು. ನೀವು ಅರ್ಧಕ್ಕೇ ಎದ್ದಿರಿ, ಹೋಗುವ ಆಸೆ ನಿಮಗೇ ಇದೆ ಅಂದುಕೊಂಡೆ, ಆಸೆ ಇರುವವರಿಗೆ ಅಡ್ಡ ಬರಬಾರದು ಅಂತ ಸುಮ್ಮನಾದೆ ಎಂದ. ಸಂದಿನಲ್ಲಿ ಬಟ್ಟೆ ಬೇರೆ ತುರುಕಿದ್ದಿರಿ ಎಂದೂ ಸೇರಿಸಿದ.

“ಈಗ ನಾನು ಹೇಳಿಕೊಟ್ಟ ಹಾಗೆ ಹೇಳಿ. ಮ್ಯಾನೇಜರು ಮನೆಗೆ ಹೊರಡೋದ್ರೊಳಗೆ.”

ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

“ಹೋಗಬೇಡಿ.” ಉಸಿರು ತೆಗೆದುಕೊಂಡ. “ನೀವು ತಿದ್ದದೇ ಇದ್ರೆ ಬರೆದದ್ದು ಬರೆದ ಹಾಗೇ ಅನ್ನಿಸಲ್ಲ ನನಗೆ.” ಇನ್ನೊಂದು ಉಸಿರು. “ನನ್ನನ್ನ ಮದುವೆ ಆಗ್ತೀರಾ?”

ಗಿಡ್ಡದೊಂದು, ಉದ್ದದ್ದೊಂದು, ಪ್ರಶ್ನೆ ಒಂದು. ಎಲ್ಲೂ ಕೈಯಾಡಿಸುವ ಹಾಗಿರಲಿಲ್ಲ. ಅವಳು ಎದ್ದು ತನ್ನ ಕೋಣೆಗೆ ಹೋದಳು. ಸಂದಿನಿಂದ ಬಟ್ಟೆ ಎಳೆದು ಬಿಸಾಡಿದಳು. ಬಗ್ಗಿ, ಆ ಸಂದಿನ ಮೂಲಕವೇ ಮಾತಾಡಿದಳು. ಆಚೆ ಬದಿಯಲ್ಲಿ ಅವನೂ ಬಗ್ಗಿದ.

“ನೋಡಿ ಸಾರ್, ಒಂದು ವಾಕ್ಯ ಮುಗಿಸೋಕೆ ಒಂದು ವಾರ ತಗೊಳ್ಳೋ, ತಲೆಕೆಳಗಾದ ವೇಳಾಪಟ್ಟಿ ಓದೋ, ಕಂಡೋರ ಮಕ್ಕಳಿಗೆ ತನ್ನ ಬಿಸ್ಕತ್ತು ಕೊಟ್ಟು ತಾನು ಬರೀ ಟೀ ಕುಡಿಯೋ ಒಬ್ಬ ಮನುಷ್ಯನ ಜೊತೆ, ಅಣ್ಣ ಏನಂದ್ರೂ, ಈ ಡ್ರೈವರುಗಳು ಎಷ್ಟು ನಕ್ಕರೂ, ಜೀವಮಾನವೆಲ್ಲ ಸಂಸಾರ ಮಾಡೋದಕ್ಕೆ ನಾನು...”

ಅಷ್ಟರಲ್ಲಿ ಬಂದರಿನ ಬಸ್ಸು ಒಳಗೆ ಬಂತು. ಅವಳು ನೆಟ್ಟಗೆ ಕೂತು ಮೈಕಿನ ಸ್ವಿಚ್ ಹಾಕಿದಳು.

ಬಂದರಿನ ಬಸ್ಸು ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿದೆ ಎಂದು ಇಡೀ ನಿಲ್ದಾಣಕ್ಕೆ ಹೇಳಿದಳು. ಮೂರರಲ್ಲಿ ಇನ್ನೂ ಕೆಲಸ ನಡೆಯುತ್ತಿರುವುದರಿಂದ ಆ ಕಡೆ ಹೋಗಬೇಡಿ ಎಂದಳು. ಎಲ್ಲರಿಗೂ ಜಾಗವಿದೆ, ನಿಧಾನಕ್ಕೆ ಹತ್ತಿ ಎಂದಳು. ಜನ ಓಡದೆ ನಡೆದರು. ಗಾಜಿನ ಆಚೆ ಅವನು ಬಗ್ಗಿದವನು ಬಗ್ಗಿದಂತೆಯೇ ಇದ್ದ, ಸಂದಿಗೆ ಕಿವಿಯಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿದರೂ ಕೈ ಎತ್ತದೆ.

ಅವಳು ಸ್ವಿಚ್ ಆರಿಸಿದಳು. ಅವನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಬಗ್ಗಿ ವಾಕ್ಯ ಮುಗಿಸಿದಳು.

“ಒಪ್ಪಿದ್ದೀನಿ.”