ಸಿಲಾಸನ ಓಡದ ಗಾಡಿ

“ಆ ಗಾಡಿ ಮ್ಯಾಲಿಂದ ಕೈ ತೆಗೀರಿ!”

ಏಂಜಲಿನಾ ಟೀಚರ್ ಬಾಗಿಲಲ್ಲೇ ನಿಂತು ಗದರಿದಳು. ಭಾಲ್ಕಿಯ ಆ ಹೆಣ್ಣುಮಕ್ಕಳ ಶಾಲೆಯ ಪ್ರಯೋಗಾಲಯದಲ್ಲಿ, ಹುಡುಗಿಯರು ಮಾಡಿದ ಪುಟ್ಟ ಮಾದರಿ ಗಾಡಿಯ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ ಅಪರಿಚಿತ ಗಡಬಡಿಸಿ ಎದ್ದ.

“ನಾ ಸಿಲಾಸ ರೀ... ಬೀದರ ಕೊಳಾರದ ಕಾರ್ಖಾನ್ಯಾಗ ಫಿಟ್ಟರ್ ಇದೀನಿ. ಶನಿವಾರಕ್ಕೊಮ್ಮೆ ಹುಡುಗ್ಯಾರಿಗೆ ಹತ್ಯಾರ ಹಿಡಿಯೋದು ಕಲಸ್ರಿ ಅಂತ ಹೆಡ್ ಮಿಸ್ ಕರದಾರ. ರೊಕ್ಕ ಏನಿಲ್ರಿ.”

“ಕಲಸ್ರಿ. ಗಾಡಿ ಮಾತ್ರ ಮುಟ್ಟಬ್ಯಾಡ್ರಿ!”

‘ಅಬ್ಬಾ, ಎಂಥಾ ಕಣ್ಣು!’ ಎಂದುಕೊಂಡ ಸಿಲಾಸ.

‘ಇಂವ ಪುಕಟ ಯಾಕ ಬರ್ತಾನ? ಏನೋ ಮಸಲತ್ತು ಅದ...’ ಎಂದುಕೊಂಡಳು ಏಂಜಲಿನಾ.

ಹಾಲಿನಿಂದ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಅವಳದೂ ಅದೇ ಕಥೆ. ಹೋದ ವರ್ಷ ಬೀದರಿನ ಒಂದು ವಿಜ್ಞಾನ ಪ್ರದರ್ಶನದಲ್ಲಿ ‘ಇದು ದೊಡ್ಡವರ ಕೈಕೆಲಸ’ ಎಂದು ಅವಳ ಹುಡುಗಿಯರ ಗಾಡಿಯನ್ನು ಪಕ್ಕಕ್ಕಿಟ್ಟಿದ್ದರು. ಹುಡುಗಿಯರು ಬಸ್ಸಿನಲ್ಲಿ ಊರು ಬರುವ ತನಕ ಅತ್ತಿದ್ದರು.

“ಈ ಸಲಾನೂ ಹಂಗೇ ಆದ್ರ ಈ ಗಾಡಿ ಕಟ್ಟೋ ಪಾಠ ಬಂದ್. ಪುಸ್ತಕ ಓದಿಸಿ ಪಾಸ್ ಮಾಡಸ್ರಿ” ಎಂದು ಹೆಡ್ ಮಿಸ್ ಖಡಕ್ಕಾಗಿ ಹೇಳಿಬಿಟ್ಟಿದ್ದರು.

ಗಾಡಿಗೆ ಮೋಟಾರಿಲ್ಲ, ಬ್ಯಾಟರಿಯಿಲ್ಲ. ಅದರ ಮೇಲೆ ನಿಲ್ಲಿಸಿದ ಕಂಬದ ತುದಿಗೆ ಒಂದು ಇಟ್ಟಿಗೆ, ಅದರ ಹಗ್ಗ ಹಿಂದಿನ ಅಚ್ಚಿಗೆ ಸುತ್ತಿದೆ. ಇಟ್ಟಿಗೆ ಇಳಿದಂತೆ ಹಗ್ಗ ಎಳೆಯುತ್ತದೆ, ಅಚ್ಚು ತಿರುಗಿ ಗಾಡಿ ಓಡುತ್ತದೆ. ಎತ್ತರದಲ್ಲಿ ಕೂತ ಶಕ್ತಿ ಚಲನೆಯಾಗುವುದನ್ನು ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಕೈಯಾರೆ ಕಲಿಯಬೇಕೆಂಬುದು ಅವಳ ಹಟ.

ಸಿಲಾಸ ಆ ಗಾಡಿಯನ್ನು ಮತ್ತೆ ಮುಟ್ಟಲಿಲ್ಲ. ಬದಲಿಗೆ ಮುಂದಿನ ಶನಿವಾರ ಅಂಥದ್ದೇ ತನ್ನದೊಂದು ಗಾಡಿ ತಂದ. ಅದು ಓಡಲೇ ಇಲ್ಲ!

“ನೋಡ್ರವ್ವಾ, ಯಾಕ ಓಡವಲ್ದು?” ಎಂದು ತಲೆ ಕೆರೆದುಕೊಂಡ.

ಮುಸರ್ರತ ಎಂಬ ಚುರುಕು ಹುಡುಗಿ ಚಕ್ರ ಮುಟ್ಟಿ ನೋಡಿ ನಕ್ಕಳು. “ಅಣ್ಣಾ, ಚಕ್ರಕ್ಕ ಎಣ್ಣಿ ಹತ್ತ್ಯದ. ಜಾರ್ತದ, ನೆಲಕ್ಕ ಹಿಡಿತ ಇಲ್ಲ!”

ಮರುವಾರ ಹಗ್ಗ ಸಡಿಲು. ಅದರ ಮರುವಾರ ಇಟ್ಟಿಗೆ ಹಗುರ. ಪ್ರತಿ ಶನಿವಾರ ಒಂದು ಹೊಸ ರೋಗ! ಹುಡುಗಿಯರಿಗೆ ಅದನ್ನು ಹುಡುಕುವುದೇ ಹಬ್ಬವಾಯಿತು.

ಏಂಜಲಿನಾಗೆ ಮಾತ್ರ ನಿದ್ದೆ ಹಾರಿತು. ‘ಕಾರ್ಖಾನಿ ಮಶೀನ್ ರಿಪೇರಿ ಮಾಡಾಂವಗ ಆಟಿಗಿ ಗಾಡಿ ಬರೂದಿಲ್ಲಂದ್ರ?’

ಏಳನೇ ಶನಿವಾರ ಅವಳು ಬೇಕೆಂದೇ ಬೇಗ ಬಂದು ಕಿಟಕಿಯಿಂದ ಇಣುಕಿದಳು. ಸಿಲಾಸನ ಗಾಡಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಸರಾಗ ಓಡಿತು... ಆಮೇಲೆ ಅವನೇ ಅಚ್ಚಿನ ಸಂದಿಗೆ ಬಟ್ಟೆಯ ಚೂರು ತುರುಕಿದ!

“ಸಿಕ್ಕಿಬಿದ್ರಿ!” ಅವಳು ಒಳಗೆ ನುಗ್ಗಿದಳು. “ಇಷ್ಟ ದಿನ ಸುಳ್ಳು ಹೇಳಿದ್ರಿ! ಪ್ರದರ್ಶನದ ದಿನ ನಿಮ್ಮ ಓಡೋ ಗಾಡಿ ನಮ್ಮ ಹುಡುಗ್ಯಾರ ಕೈಗೆ ಕೊಟ್ಟು, ನಾನೇ ಮಾಡೀನಿ ಅಂತ ಹೇಳ್ಕೋಬೇಕಂತೇನು?”

“ಟೀಚರ್, ಹಂಗಲ್ರಿ...”

“ಹಂಗಾರ ಕೆಡಿಸೋದ್ಯಾಕ? ಹೇಳ್ರಿ!”

ಸಿಲಾಸ ಕಣ್ಣು ತಪ್ಪಿಸಿದ. ಮನಸ್ಸಿನಲ್ಲಿ ಒಂದು ಕಳ್ಳತನವಂತೂ ಇತ್ತಲ್ಲ! ಗಾಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ಗೆದ್ದವಳಿಗೆ ಯಾಕೋ ಅಳು ಬಂತು.

ಪ್ರದರ್ಶನದ ದಿನ ಬೀದರಿನಲ್ಲಿ ಹುಡುಗಿಯರ ಗಾಡಿ ಚೆನ್ನಾಗಿ ಓಡಿತು. ತೀರ್ಪುಗಾರ ಮಲ್ಲಿಕಾರ್ಜುನಪ್ಪ ಕನ್ನಡಕದ ಮೇಲಿಂದ ನೋಡಿದರು. “ಯಾರು ಮಾಡಿಕೊಟ್ರವ್ವಾ ಇದು?”

“ನಾವೇ ಮಾಡೀವಿ ಸರ್!”

“ಹೌದಾ? ಆ ಕಡಿ ಮುಖ ಮಾಡಿ ನಿಲ್ರಿ.” ಅವರು ಬಗ್ಗಿ ಏನೋ ಮಾಡಿದರು. “ಈಗ ಓಡಸ್ರಿ.”

ಇಟ್ಟಿಗೆ ಜಗ್ಗಲೇ ಇಲ್ಲ. ಏಂಜಲಿನಾ ಕಣ್ಣು ಮುಚ್ಚಿಕೊಂಡಳು. ಮುಗೀತು... ಈ ವರ್ಷವೂ ಮುಗೀತು!

ಮುಸರ್ರತ ಗಾಬರಿಯಾಗಲಿಲ್ಲ. “ಇಟ್ಟಂಗಿ ಇಳೀವಲ್ದು, ಶಕ್ತಿ ಮ್ಯಾಲೇ ಕುಂತದ. ಅಚ್ಚು ಎಲ್ಲೋ ಹಿಡ್ಕೊಂಡದ ಸರ್, ಘರ್ಷಣಾ ಜಾಸ್ತಿ ಆಗ್ಯದ.” ಬೆರಳು ಹಾಕಿ, ಅಚ್ಚಿನ ಸಂದಿಯಿಂದ ಮಡಚಿದ ಕಾಗದ ಎಳೆದು ಅವರ ಕೈಗಿಟ್ಟಳು. ಗಾಡಿ ಓಡಿತು!

“ಭೇಷ್! ಇಷ್ಟ ಲಗೂ ಹ್ಯಾಂಗ ಗೊತ್ತಾತು?”

“ಸಿಲಾಸ ಅಣ್ಣನ ಗಾಡಿ ವಾರಕ್ಕೊಂದ್ಸಲ ಕೆಡ್ತಿತ್ತು ಸರ್. ನಾವೇ ಹುಡುಕಿ ಹುಡುಕಿ ರಿಪೇರಿ ಮಾಡ್ತಿದ್ವಿ!”

ಅವನು ಗಾಡಿ ಕೆಡಿಸುತ್ತಿದ್ದದ್ದು ಇದಕ್ಕೇ ಎಂದು ಏಂಜಲಿನಾಗೆ ಆಗ ಹೊಳೆಯಿತು. ‘ಅಯ್ಯೋ ಯೇಸಪ್ಪಾ... ಎಂಥಾ ಮನುಷ್ಯಾನ್ನ ಏನಂದೆ ನಾನು!’

ಹುಡುಗಿಯರಿಗೆ ಮೊದಲ ಬಹುಮಾನ ಬಂತು. ಅವರನ್ನು ಹೆಡ್ ಮಿಸ್ ಕೈಗೆ ಒಪ್ಪಿಸಿ ಅವಳು ಸೀದಾ ಆಟೋ ಹತ್ತಿದಳು.

ಕೊಳಾರದ ಕಾರ್ಖಾನೆಯ ಗೇಟಿಗೆ ಸಿಲಾಸ ಕೈ ಒರೆಸಿಕೊಳ್ಳುತ್ತ ಬಂದ. ಅವಳನ್ನು ನೋಡಿ ಅಲ್ಲೇ ನಿಂತ.

“ಹುಡುಗ್ಯಾರು ಗೆದ್ರು. ನಿಮ್ಮಿಂದ... ಮಾಫ್ ಮಾಡ್ರಿ ನನಗ.” ಅವಳ ಕಣ್ಣು ತುಂಬಿತು. “ಅವತ್ತೇ ಯಾಕ ಹೇಳಲಿಲ್ಲ?”

“ಹ್ಯಾಂಗ ಹೇಳ್ಲಿ ಟೀಚರ್? ಹುಡುಗ್ಯಾರಿಗೆ ಮೂರು ವಾರ ಸಾಕಿತ್ರಿ. ಆಮ್ಯಾಲಿಂದೆಲ್ಲ ನಿಮ್ಮನ್ನ ನೋಡ್ಲಾಕ ಕೆಡಿಸೀನಿ.”

“ಇದಾದ್ರೂ ಖರೆ ಏನು?”

“ಖರೆ ರೀ. ನನ್ನ ಜೀವ ನಿಮ್ಮ ಮ್ಯಾಲದ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ನನ್ನ ಸಂಶಯ ಅಷ್ಟು ಸಲೀಸ ಹೋಗೂದಿಲ್ಲ ನೋಡ್ರಿ.”

“ಇರ್ಲಿ ಬಿಡ್ರಿ. ನೀವು ಕೇಳ್ಕೋತ ಇರ್ರಿ, ನಾ ಹೇಳ್ಕೋತ ಇರ್ತೇನಿ.”

“ಹಂಗಾರ ಐತವಾರ ಚರ್ಚ್ ಬಿಟ್ಟ ಮ್ಯಾಲ ಔರಾದಕ್ಕ ನಮ್ಮನಿಗಿ ಬರ್ರಿ. ನಮ್ಮವ್ವ ನನಗಿಂತ ಸಂಶಯದಾಕಿ.”

ಸಿಲಾಸ ಮತ್ತೆ ಕೈ ಒರೆಸಿಕೊಂಡ. “ಅವ್ರ ಮುಂದ ಏನಂತ ಹೇಳ್ಲಿ?”

ಏಂಜಲಿನಾ ಅವನ ಗ್ರೀಸ್ ಹತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಈಗ ನನ್ನ ಮುಂದ ಹೇಳಿದ್ದನ್ನೇ ಹೇಳ್ರಿ... ನಾ ನಿಮ್ಮ ಬಾಜೂಕೇ ಕುಂತಿರ್ತೇನಿ.”